ಪ್ಯಾರಾದ ಮೊದಲ ವಾಕ್ಯ ಹೇಗಿರಬೇಕು? ಬರೆಯುತ್ತಾ ಹೋದಂತೆ ವಿಷಯ ಚೆಲ್ಲಾಪಿಲ್ಲಿ ಆಗದಿರಲು ಏನು ಮಾಡಬೇಕು?

ಎರಡು ಪ್ರಶ್ನೆ ಕೇಳಿದ್ದೀರಿ, ಆದರೆ ಉತ್ತರ ಹೆಚ್ಚುಕಡಿಮೆ ಒಂದೇ. ಮೊದಲ ವಾಕ್ಯ ಗಟ್ಟಿಯಾಗಿದ್ದರೆ ಪ್ಯಾರಾದಲ್ಲಿ ಏನಿರಬೇಕು, ಏನಿರಬಾರದು ಅನ್ನೋದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಬೇರೆಯವರ ಬರಹ ತಿದ್ದುವುದು ನನ್ನ ಕೆಲಸ. ನಾನು ನೋಡುವ ಬರಹಗಳಲ್ಲಿ ಮೊದಲ ವಾಕ್ಯ ವಿಷಯದ ಹೆಸರು ಹೇಳಿ ಸುಮ್ಮನಾಗುವುದೇ ಜಾಸ್ತಿ. ಆ ವಿಷಯದ ಬಗ್ಗೆ ಏನು ಹೇಳಲು ಹೊರಟಿದ್ದಾರೆ ಅನ್ನೋದು ಅದರಲ್ಲಿ ಇರುವುದಿಲ್ಲ.

ಚಂದ್ರನ ಬಗ್ಗೆ ಬರೆಯುತ್ತಿದ್ದೀರಿ ಅಂದುಕೊಳ್ಳಿ. 'ಚಂದ್ರ ಭೂಮಿಯ ಉಪಗ್ರಹ' ಅಂತ ಶುರು ಮಾಡಿದರೆ ಮುಂದೆ ಏನು ಬೇಕಾದರೂ ಬರಬಹುದು. ಗ್ರಹಣ, ಉಬ್ಬರವಿಳಿತ, ಮೇಲಿನ ಕುಳಿಗಳು, ಎಲ್ಲಕ್ಕೂ ಬಾಗಿಲು ತೆರೆದಿದೆ. ತೊಂದರೆ ಅದೇ. ಈಗ ಇದನ್ನು ನೋಡಿ: 'ಚಂದ್ರ ನಮಗೆ ಸದಾ ಒಂದೇ ಮುಖ ತೋರಿಸುತ್ತಾನೆ.' ಓದಿದ ಕೂಡಲೇ 'ಯಾಕೆ?' ಅನ್ನಿಸುತ್ತದೆ, ಅಲ್ವಾ? ಎರಡನೇ ವಾಕ್ಯಕ್ಕೆ ತಡಕಾಡಬೇಕಿಲ್ಲ. ಅವನು ತನ್ನ ಸುತ್ತ ತಾನು ಒಮ್ಮೆ ತಿರುಗಲು ಬೇಕಾಗುವುದು ಸುಮಾರು 27.3 ದಿನ, ಭೂಮಿಗೆ ಒಂದು ಸುತ್ತು ಹಾಕಲೂ ಅಷ್ಟೇ ದಿನ.

ಈಗ ಇನ್ನೆರಡು ವಾಕ್ಯ ತಗೊಳ್ಳಿ. ಒಂದು: 1959ರಲ್ಲಿ ಸೋವಿಯತ್ ಒಕ್ಕೂಟದ ಲೂನಾ 3 ನೌಕೆ ಫೋಟೋ ತೆಗೆಯುವವರೆಗೆ ಚಂದ್ರನ ಆಚೆ ಬದಿಯನ್ನು ಯಾರೂ ಕಂಡಿರಲಿಲ್ಲ. ಇನ್ನೊಂದು: 1969ರಲ್ಲಿ ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಕಾಲಿಟ್ಟ. ಎರಡೂ ನಿಜ, ಎರಡೂ ಚಂದ್ರಯಾನದ ಮಾತೇ. ಆದರೆ ಮೊದಲನೆಯದು ಒಂದೇ ಮುಖ ಕಾಣುವುದರಿಂದ ಹುಟ್ಟಿದ ಸಂಗತಿ. ಎರಡನೆಯದು ಎಷ್ಟು ದೊಡ್ಡ ಘಟನೆಯಾದರೂ ಈ ಪ್ಯಾರಾಕ್ಕೆ ಬೇಡ.

ಇದನ್ನು ಪತ್ತೆ ಹಚ್ಚಲು ನಾನೊಂದು ಸುಲಭ ದಾರಿ ಇಟ್ಟುಕೊಂಡಿದ್ದೇನೆ. ಅನುಮಾನ ಬಂದ ವಾಕ್ಯವನ್ನು ಮೊದಲ ವಾಕ್ಯದ ಪಕ್ಕ ಇಡಿ. ನಡುವೆ 'ಯಾಕೆಂದರೆ', 'ಹಾಗಾಗಿ', 'ಉದಾಹರಣೆಗೆ', 'ಆದರೆ' ಇವುಗಳಲ್ಲಿ ಒಂದಾದರೂ ಸಲೀಸಾಗಿ ಕೂರುತ್ತದಾ ನೋಡಿ. ಕೂತರೆ ಇರಲಿ. 'ಅಂದಹಾಗೆ' ಬಿಟ್ಟು ಬೇರೇನೂ ಕೂರದಿದ್ದರೆ ಅದು ಬೇರೆ ಪ್ಯಾರಾದ ವಾಕ್ಯ. ಚೆನ್ನಾಗಿದೆ ಅಂತ ಸುಮ್ನೆ ಉಳಿಸಿಕೊಳ್ಳಬೇಡಿ. ನಾವು ಬಿಡಲು ಒಪ್ಪದ ವಾಕ್ಯಗಳೇ ಹೆಚ್ಚಾಗಿ ಪ್ಯಾರಾ ಕೆಡಿಸುವುದು.

ಹಾಗಂತ ಪ್ರತಿ ಸಲ ಹೊಂದದ ವಾಕ್ಯದ್ದೇ ತಪ್ಪು ಅಂತಲ್ಲ. ಭೂಮಿಯಿಂದ ನೋಡುವಾಗ ಚಂದ್ರ ಕೊಂಚ ತೂಗಾಡಿದಂತೆ ಕಾಣುತ್ತಾನೆ. ಹಾಗಾಗಿ ದಿನ ಕಳೆದಂತೆ ಅವನ ಮೇಲ್ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ 59ರಷ್ಟು, ನಮ್ಮ ಕಣ್ಣಿಗೆ ಬೀಳುತ್ತದೆ. 'ಸದಾ ಒಂದೇ ಮುಖ' ಅಂದದ್ದಕ್ಕೆ ಇದು ಹೊಂದುವುದಿಲ್ಲ. ಇಲ್ಲಿ ಮಾಹಿತಿ ಕೈಬಿಡಬೇಡಿ, ಮೊದಲ ವಾಕ್ಯದ 'ಸದಾ' ತೆಗೆದು 'ಹೆಚ್ಚುಕಡಿಮೆ' ಹಾಕಿ. ಪ್ಯಾರಾ ಮುಗಿದ ಮೇಲೆ ಮೊದಲ ವಾಕ್ಯಕ್ಕೆ ವಾಪಸ್ ಬರಬೇಕು ಅನ್ನುವುದು ಇದಕ್ಕೇ.

ಪ್ಯಾರಾದ ಮುಖ್ಯ ಮಾತು ಹೇಳುವ ಈ ವಾಕ್ಯ ಮೊದಲಲ್ಲೇ ಇರಬೇಕಾ? ಕಡ್ಡಾಯವೇನಿಲ್ಲ. ರಿಚರ್ಡ್ ಬ್ರಾಡಕ್ ಅನ್ನುವವರು ಅಮೆರಿಕದ ಪತ್ರಿಕೆಗಳಲ್ಲಿ ಬಂದ ಪ್ರಬಂಧಗಳನ್ನು ಅಧ್ಯಯನ ಮಾಡಿ 1974ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಇಂಥ ವಾಕ್ಯದಿಂದ ಶುರುವಾದ ಪ್ಯಾರಾಗಳು ಶೇ 13ರಷ್ಟು ಮಾತ್ರ. ಪಳಗಿದವರು ಅದನ್ನು ನಡುವೆ ಇಡುತ್ತಾರೆ, ಕೊನೆಗೆ ಇಡುತ್ತಾರೆ, ಕೆಲವೊಮ್ಮೆ ಬರೆಯುವುದೇ ಇಲ್ಲ. ಆದರೆ ಪರೀಕ್ಷೆಯ ಉತ್ತರ, ಆಫೀಸಿನ ವರದಿ ಬರೆಯುವಾಗ ಮೊದಲಲ್ಲೇ ಇಡಿ. ಅಲ್ಲಿ ಓದುವವರಿಗೆ ಪುರುಸೊತ್ತು ಇರುವುದಿಲ್ಲ.

ಪೂರ್ತಿ ಬರೆದಾದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಒಂದರ ಕೆಳಗೊಂದು ಇಟ್ಟು ಓದಿ ನೋಡಿ. ಕಥೆ ಎಲ್ಲಿ ತುಂಡಾಗುತ್ತದೋ ಅಲ್ಲಿಂದ ತಿದ್ದಲು ಶುರು ಮಾಡಿ.