ಅಲಾಸ್ಕದಲ್ಲೂ ಕಡಲ್ಕೊರೆತವೇ?

ಪ್ರಶ್ನೆ: ಮಾಸ್ಟ್ರೇ, ನಮ್ಮದು ಉಳ್ಳಾಲದ ಕಡಲ ಬದಿಯ ಮನೆ. ಹೋದ ಮಳೆಗಾಲದಲ್ಲಿ ದೊಡ್ಡಮ್ಮನ ಅಡುಗೆಕೋಣೆ ಕಡಲಿಗೆ ಹೋಯಿತು. ಮೊನ್ನೆ ಟಿವಿಯಲ್ಲಿ ಅಲಾಸ್ಕದ ಒಂದು ಮನೆಯೂ ಹಾಗೇ ದಡದಿಂದ ಮಗುಚಿ ಬಿದ್ದದ್ದನ್ನು ತೋರಿಸಿದರು. ಅಲ್ಲಿ ನಮ್ಮ ಹಾಗೆ ಮಳೆಗಾಲ ಇಲ್ಲ, ಕಡಲೇ ಹೆಪ್ಪುಗಟ್ಟುತ್ತದಂತೆ. ಮತ್ತೆ ಕೊರೆತ ಎಲ್ಲಿಂದ ಬಂತು? ಫ್ಯಾಕ್ಟರಿಯೇ ಇಲ್ಲದ ಆ ಕಡೆಯ ತಾಯಂದಿರ ಎದೆಹಾಲಲ್ಲಿ ವಿಷ ಇದೆ ಎಂದೂ ಹೇಳಿದರು. ಸುಮ್ನೆ ಹೆದರಿಸುವುದಲ್ವಾ?
– ಓದುಗರೊಬ್ಬರು, ಉಳ್ಳಾಲ

ಉತ್ತರ: ಹೆದರಿಸುವುದಲ್ಲ, ನಿಜ. ದೊಡ್ಡಮ್ಮ ಈಗ ಎಲ್ಲಿದ್ದಾರೆ ಅಂತ ನೀವು ಬರೆಯಲೇ ಇಲ್ಲ.

ಕಡಲು ಹೆಪ್ಪುಗಟ್ಟುತ್ತದೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ನಮ್ಮಲ್ಲಿ ಲಾರಿಯಲ್ಲಿ ಕಲ್ಲು ತಂದು ದಡಕ್ಕೆ ಸುರಿಯುತ್ತಾರೆ. ಅವರಿಗೆ ಆ ಕಲ್ಲಿನ ಕೆಲಸವನ್ನು ಮಂಜುಗಡ್ಡೆ ಮಾಡುತ್ತಿತ್ತು. ಅಲ್ಲಿ ದೊಡ್ಡ ಗಾಳಿ ಏಳುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಮೊದಲೆಲ್ಲ ಅಷ್ಟರಲ್ಲಿ ದಡದ ನೀರು ಗಟ್ಟಿಯಾಗಿ, ತೆರೆ ದೂರದಲ್ಲೇ ಸಾಯುತ್ತಿತ್ತು. 1979ರಿಂದೀಚೆಗೆ ಉತ್ತರ ಧ್ರುವದ ಸುತ್ತ ಜಗತ್ತಿನ ಸರಾಸರಿಗಿಂತ ಸುಮಾರು 4 ಪಟ್ಟು ಬೇಗ ಬಿಸಿ ಏರಿದೆ. ಗಡ್ಡೆ ಕಟ್ಟುವುದು ತಡವಾಗುತ್ತದೆ, ತೆರೆ ನೇರ ದಡಕ್ಕೇ ಬಂದು ಬಡಿಯುತ್ತದೆ. ದಡವಾದರೂ ಬಂಡೆಯಲ್ಲ, ಸಾವಿರಾರು ವರ್ಷ ಹೆಪ್ಪಾಗಿಯೇ ಇದ್ದ ಮಣ್ಣು. ಬಿಸಿ ತಾಗಿದರೆ ಕೆಸರಾಗಿ ಜಾರುತ್ತದೆ. ಆ ಮಣ್ಣಲ್ಲೇ ಗುಂಡಿ ತೋಡಿ ತಿಮಿಂಗಿಲದ ಮಾಂಸ ಇಡುವುದು ಅವರ ರೂಢಿ. ಕರೆಂಟ್ ಬಿಲ್ ಇಲ್ಲದ ಫ್ರಿಜ್! ಈಗ ಕೆಲವು ಗುಂಡಿಗಳಲ್ಲಿ ನೀರು ನಿಲ್ಲುತ್ತಿದೆ, ಮಾಂಸ ಹಾಳಾಗುತ್ತಿದೆ.

ನೀವು ನೋಡಿದ್ದು ಶಿಶ್ಮರೆಫ್ ಇರಬೇಕು. ಪುಟ್ಟ ದ್ವೀಪ, ಆರುನೂರರಷ್ಟು ಜನ. 2016ರಲ್ಲಿ ಮತ ಹಾಕಿದರು. ಊರು ಬಿಡೋಣ ಎಂದವರು 89, ಇಲ್ಲೇ ಇರೋಣ ಎಂದವರು 78. ನನಗೆ ಆ 78 ಜನರ ಯೋಚನೆಯೇ ಜಾಸ್ತಿ. ಆಮೇಲೂ ಊರು ಅಲ್ಲಿಂದ ಏಳಲಿಲ್ಲ. ಮತ ಹಾಕಲು ದುಡ್ಡು ಬೇಡ, ಊರು ಎತ್ತಿ ಇಡಲು ಬೇಕು. ನ್ಯೂಟಾಕ್ ಎಂಬ ಇನ್ನೊಂದು ಊರಿನವರು 2019ರಿಂದ ಹೊಳೆಯಾಚೆಯ ಮೆರ್ಟಾರ್ವಿಕ್‌ಗೆ ಹೋಗತೊಡಗಿದರು.

ಇನ್ನು ಎದೆಹಾಲು. 1980ರ ದಶಕದ ಕೊನೆಗೆ ಕೆನಡಾದ ಕ್ವಿಬೆಕ್‌ನಲ್ಲಿ ಎದೆಹಾಲಿನ ಪರೀಕ್ಷೆ ನಡೆದಿತ್ತು. ಹೋಲಿಸಿ ನೋಡಲು ಶುದ್ಧ ಹಾಲು ಬೇಕೆಂದು ಉತ್ತರ ತುದಿಯ ಇನ್ಯುಯಿಟ್ ಎಂಬ ಮೂಲನಿವಾಸಿ ತಾಯಂದಿರ ಹಾಲು ತರಿಸಿದರು. ಶುದ್ಧದ ಮಾತು ಬಿಡಿ, ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಬಳಸುತ್ತಿದ್ದ ಪಿಸಿಬಿ ಎಂಬ ವಿಷ ಅದರಲ್ಲಿ ದಕ್ಷಿಣದವರಿಗಿಂತ ಸುಮಾರು 5 ಪಟ್ಟು ಇತ್ತು.

ಇಡ್ಲಿ ಪಾತ್ರೆ ನೋಡಿ. ಹಬೆ ಏಳುವುದು ತಳದಲ್ಲಿ, ಹನಿ ಕಟ್ಟುವುದು ತಣ್ಣಗಿನ ಮುಚ್ಚಳಕ್ಕೆ. ಬಿಸಿ ನಾಡುಗಳಲ್ಲಿ ಆವಿಯಾದ ಇಂಥ ವಿಷಗಳು ಗಾಳಿಯಲ್ಲಿ ಸಾಗಿ ಚಳಿ ಇರುವಲ್ಲಿ ಇಳಿಯುತ್ತವೆ. ಕೊಬ್ಬು ಅಂದರೆ ಅವಕ್ಕೆ ಬಲು ಪ್ರೀತಿ. ಸಣ್ಣ ಮೀನಿಂದ ದೊಡ್ಡ ಮೀನಿಗೆ, ಅಲ್ಲಿಂದ ಸೀಲ್ ಪ್ರಾಣಿಯ ಕೊಬ್ಬಿಗೆ, ಅದನ್ನು ತಿಂದ ತಾಯಿಗೆ. ಒಂದೊಂದು ಮೆಟ್ಟಿಲಿಗೂ ಹೆಚ್ಚುತ್ತಾ ಹೋಗುತ್ತವೆ. ಸೀಲ್ ತಿನ್ನಬೇಡಿ ಎಂದರೆ ಅವರಿಗೆ, ಭೂತಾಯಿ ಮೀನು ಬಿಡಿ ಎಂದು ನಮಗೆ ಹೇಳಿದ ಹಾಗೆ.

ಬೆಳ್ತಂಗಡಿ ಕಡೆ ನನ್ನ ಅಕ್ಕನ ಮನೆ. ಗುಡ್ಡದ ಗೇರು ತೋಟಕ್ಕೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡುತ್ತಿದ್ದ ಕಾಲ. ಮಕ್ಕಳು ಅಂಗಳಕ್ಕೆ ಓಡಿ ಕೈಬೀಸುತ್ತಿದ್ದರು. ಅಕ್ಕ ಬಾವಿಗೆ ಮಡಲು ಮುಚ್ಚುತ್ತಿದ್ದಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಜಗಲಿಯಲ್ಲಿ ಕೂತು ಚಾ ಕುಡಿಯುತ್ತಾ ನೋಡಿದ್ದೆ. ಏನೂ ಅನಿಸಿರಲಿಲ್ಲ. ಅದೇ ಎಂಡೋಸಲ್ಫಾನ್ ಉತ್ತರ ಧ್ರುವದ ಗಾಳಿಯಲ್ಲೂ ನೀರಲ್ಲೂ ಸಿಕ್ಕಿತು. 2011ರಲ್ಲಿ ಇಂಥ ವಿಷಗಳನ್ನು ತಡೆಯುವ ಜಾಗತಿಕ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು, ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟೂ ತಡೆಯಿತು. ಅಕ್ಕನ ಗುಡ್ಡದ್ದೇ ಅಲ್ಲಿಗೆ ಹೋಯಿತು ಅನ್ನಲಾಗದು. ಹನಿಯ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ.

ಪ್ರಶ್ನೆ: ಉತ್ತರ ಧ್ರುವದ ಮಂಜುಗಡ್ಡೆ ಕರಗಿದರೆ ಮಲ್ಪೆಯಲ್ಲಿ ನೀರು ಏರುತ್ತದಾ ಸರ್?
– ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ಪುನರ್ಪುಳಿ ಜ್ಯೂಸಿಗೆ ಐಸ್ ಹಾಕಿ, ಗ್ಲಾಸಿನ ಅಂಚಿನ ತನಕ ತುಂಬಿಸಿ ಇಡಮ್ಮ. ಐಸ್ ಕರಗಿದರೂ ಚೆಲ್ಲುವುದಿಲ್ಲ. ಕಡಲಲ್ಲಿ ತೇಲುವ ಗಡ್ಡೆಯ ಕತೆಯೂ ಹೆಚ್ಚುಕಡಿಮೆ ಹಾಗೆ. ಗ್ರೀನ್‌ಲ್ಯಾಂಡಿನ ನೆಲದ ಮೇಲೆ ಕೂತದ್ದು ಬೇರೆ, ಅದು ಇನ್ನೂ ಗ್ಲಾಸಿಗೆ ಬೀಳದ ಐಸ್. ಅದಷ್ಟೂ ಕರಗಿದರೆ ಕಡಲು ಸುಮಾರು 7 ಮೀಟರ್ ಏರುತ್ತದೆ, ಅದಕ್ಕೆ ಶತಮಾನಗಳೇ ಬೇಕು. ಆದರೆ ಕರಗುವುದು ಶುರುವಾಗಿದೆ. ಪ್ರಯೋಗ ಮಾಡುವಾಗ ಗ್ಲಾಸಿನಡಿ ಹಳೇ ಬಟ್ಟೆ ಹಾಕು. ಪುನರ್ಪುಳಿ ಕಲೆ ಬೇಗ ಹೋಗುವುದಿಲ್ಲ.