ಬೀಸಣಿಗೆ ಹಿಡಿದವಳು ಕೊಲೆಗಾರನನ್ನು ಹಿಡಿಯಬಾರದೇ?

ತುಮಕೂರಿನ ಓದುಗರೊಬ್ಬರು ಸಿಟ್ಟಾಗಿದ್ದಾರೆ. ಇಂಗ್ಲೆಂಡಿನ ರೀಜೆನ್ಸಿ ಕಾಲದಲ್ಲಿ ನಡೆಯುವ, ಹೆಂಗಸೇ ಪತ್ತೇದಾರಳಾಗಿರುವ ಇಂದಿನ ಕಾದಂಬರಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. ‘ಆ ಕಾಲದ ಹೆಂಗಸು ಒಬ್ಬಳೇ ಬೀದಿಗೆ ಬರುವ ಹಾಗಿರಲಿಲ್ಲ. ಅಂಥವಳು ಕೊಲೆಗಾರನನ್ನು ಹಿಡಿಯುವುದೆಂದರೆ ಶುದ್ಧ ಸುಳ್ಳು. ಅಷ್ಟಕ್ಕೂ ಪೊಲೀಸರು ಎಲ್ಲಿ ಹೋಗಿದ್ದರು?’ ಎಂದು ಕೇಳಿದ್ದಾರೆ.

ಸ್ವಾಮಿ, ಪೊಲೀಸರು ಇನ್ನೂ ಹುಟ್ಟಿರಲಿಲ್ಲ. ದೊರೆ ಮೂರನೇ ಜಾರ್ಜ್‌ಗೆ ಬುದ್ಧಿ ಸ್ಥಿಮಿತ ತಪ್ಪಿ, ಮಗ ರೀಜೆಂಟ್ ಆಗಿ, ಅಂದರೆ ರಾಜನ ಬದಲಿಗೆ ಆಳಿದ್ದು 1811ರಿಂದ 1820ರವರೆಗೆ. ಲಂಡನ್ನಿಗೆ ಸರಿಯಾದ ಪೊಲೀಸ್ ಪಡೆ ಬಂದದ್ದು 1829ರಲ್ಲಿ. ಅಲ್ಲಿಯತನಕ ಹೆಚ್ಚಾಗಿ ಇದ್ದದ್ದು ರಾತ್ರಿ ಕಾವಲುಗಾರರು ಮತ್ತು ಬೋ ಸ್ಟ್ರೀಟ್ ನ್ಯಾಯಾಲಯದ ಬೆರಳೆಣಿಕೆಯ ‘ರನ್ನರ್’ಗಳು, ಅಂದರೆ ಕಳ್ಳರನ್ನು ಹಿಡಿಯುವ ಆಳುಗಳು. ಇನಾಮು, ಫೀಸು ಸಿಗುವ ಕಡೆ ಅವರ ಕಾಲು ಚುರುಕು. ಕಳ್ಳತನವಾದರೆ ಕೇಸು ನಡೆಸುವ ಖರ್ಚೂ ಸಾಮಾನ್ಯವಾಗಿ ಕಳೆದುಕೊಂಡವರದ್ದೇ. ಅಂದರೆ ಪತ್ತೇದಾರಿ ಮನೆಮಂದಿಯ ಕೆಲಸವೇ ಆಗಿತ್ತು.

ನಿಮ್ಮ ಮಾತಿನಲ್ಲಿ ಸತ್ಯ ಇಲ್ಲ ಎನ್ನುವುದಿಲ್ಲ. ಮಸ್ಲಿನ್ ಗೌನು ಹಾಕಿಕೊಂಡು ಛಾವಣಿ ಹಾರುವ, ಇವತ್ತಿನ ಕಾಲೇಜು ಹುಡುಗಿಯ ಹಾಗೆ ಭಾಷಣ ಬಿಗಿಯುವ ನಾಯಕಿಯರು ಬೇಕಾದಷ್ಟಿದ್ದಾರೆ. ನನಗೂ ಅವರನ್ನು ಕಂಡರೆ ಆಗುವುದಿಲ್ಲ. ಆದರೆ ಒಳ್ಳೆಯ ಲೇಖಕಿ ಕಾನೂನು ಓದಿಕೊಂಡೇ ಕೂರುತ್ತಾಳೆ. ನಾಯಕಿ ಎಷ್ಟೋ ಸಲ ವಿಧವೆ, ಗಮನಿಸಿದ್ದೀರಾ? ಮದುವೆಯಾದವಳ ದುಡ್ಡು, ಒಡವೆ ಗಂಡನದ್ದು. ಮದುವೆಯಾಗದವಳ ಹಿಂದೆ ಕಾವಲಿಗೊಬ್ಬಳು ಚಿಕ್ಕಮ್ಮ. ವಿಧವೆಗಾದರೋ ತನ್ನ ಹೆಸರಲ್ಲಿ ಆಸ್ತಿ ಇಟ್ಟುಕೊಂಡು, ತನ್ನ ಗಾಡಿಯಲ್ಲಿ ತಾನು ಓಡಾಡುವ ಸ್ವಾತಂತ್ರ್ಯ.

ಇನ್ನು ಸುಳಿವುಗಳು. ಆಗ ಅಂಚೆಯ ದುಡ್ಡನ್ನು ಸಾಮಾನ್ಯವಾಗಿ ಪತ್ರ ಪಡೆದವರು ಕೊಡಬೇಕಿತ್ತು. ಹಾಳೆ ಜಾಸ್ತಿಯಾದರೆ ದರವೂ ಜಾಸ್ತಿ. ಸಂಸತ್ ಸದಸ್ಯನ ಸಹಿ ಇದ್ದರೆ ಪುಕ್ಕಟೆ. ಹಾಗಾದರೆ ಮನೆಗೆ ಎಲ್ಲಿಂದ ಎಷ್ಟು ಪತ್ರ ಬಂತು, ಯಾವುದಕ್ಕೆ ಕಾಸು ಕೊಡಬೇಕಾಗಲಿಲ್ಲ ಎನ್ನುವುದು ಯಾರಿಗೆ ಗೊತ್ತು? ಮನೆಖರ್ಚಿನ ಲೆಕ್ಕ ಬರೆಯುವವಳಿಗೆ. ಹೆಣದಲ್ಲಿ ಆರ್ಸೆನಿಕ್ ವಿಷ ಇದೆಯೆಂದು ನಂಬುವ ಹಾಗೆ ತೋರಿಸುವ ಮಾರ್ಷ್ ಪರೀಕ್ಷೆ ಬಂದದ್ದು 1836ರಲ್ಲಿ. ಅದಕ್ಕೆ ಮೊದಲು ಸೂಪು ಯಾರು ಬಡಿಸಿದರು, ಉಳಿದದ್ದನ್ನು ಯಾರು ಚೆಲ್ಲಿದರು ಎಂಬುದೇ ಮುಖ್ಯ ಸಾಕ್ಷಿ. ಕ್ಲಬ್ಬಿನಲ್ಲಿ ಇಸ್ಪೀಟಾಡುವ ಗಂಡಸಿಗೆ ಇದೆಲ್ಲ ಎಲ್ಲಿ ತಿಳಿಯಬೇಕು!

ಒಂದು ನಿಜವಾದ ಕಥೆ ಕೇಳಿ. 1799ರ ಆಗಸ್ಟ್, ಬಾತ್ ಪಟ್ಟಣ. ಕಾದಂಬರಿಗಾರ್ತಿ ಜೇನ್ ಆಸ್ಟಿನ್‌ಳ ಸೋದರಮಾವನ ಹೆಂಡತಿ ಜೇನ್ ಲೀ ಪೆರೊ ಅಂಗಡಿಯಲ್ಲಿ ಕಪ್ಪು ಲೇಸು ಕೊಂಡಳು. ಸ್ವಲ್ಪ ಹೊತ್ತಿಗೆ ಅಂಗಡಿಯವರು ಬೀದಿಯಲ್ಲೇ ತಡೆದು ಪೊಟ್ಟಣ ಬಿಚ್ಚಿಸಿದರು. ಒಳಗೆ ಬಿಳಿ ಲೇಸೂ ಇತ್ತು. ಬೆಲೆ ಇಪ್ಪತ್ತು ಶಿಲಿಂಗ್. ಅಷ್ಟಕ್ಕೆ ನೇಣು ಹಾಕಬಹುದಿತ್ತು. ಇಲ್ಲದಿದ್ದರೆ ಆಸ್ಟ್ರೇಲಿಯಾಕ್ಕೆ ಗಡೀಪಾರು. ಶ್ರೀಮಂತ ಹೆಂಗಸು ತಿಂಗಳುಗಟ್ಟಲೆ ಇಲ್ಚೆಸ್ಟರ್‌ನ ಜೈಲರನ ಮನೆಯಲ್ಲಿ ಬಂಧಿಯಾಗಿದ್ದಳು. ಗಂಡನೂ ಬಂದು ಜೊತೆಗೇ ಇದ್ದ. ವಿಚಾರಣೆಯಲ್ಲಿ ಅವಳ ಪರ ಜ್ಯೂರಿಯ ಮುಂದೆ ವಾದ ಮಂಡಿಸಲು ವಕೀಲರಿಗೆ ಅವಕಾಶವಿರಲಿಲ್ಲ. ಅವಳೇ ಎದ್ದು ನಿಂತು ಮಾತಾಡಬೇಕಾಯಿತು. ಜ್ಯೂರಿ ಕಾಲು ಗಂಟೆಯೊಳಗೆ ನಿರ್ದೋಷಿ ಅಂತು. ಹಾಗಾದರೆ ಬಿಳಿ ಲೇಸು ಪೊಟ್ಟಣಕ್ಕೆ ಹೇಗೆ ಬಂತು? ದುಡ್ಡು ಕೀಳಲು ಅಂಗಡಿಯವರೇ ಹೂಡಿದ ಆಟವೇ? ಅಥವಾ ಆಕೆಯದೇ ಕೈಚಳಕವೇ? ಇವತ್ತಿಗೂ ಜಗಳವಿದೆ. ಪೊಟ್ಟಣ ಕಟ್ಟಿದ್ದು ಯಾರು ಅಂತ ಮೊದಲು ಕೇಳುವವಳು ದಿನಾ ಲೇಸು ಕೊಳ್ಳುವ ಹೆಂಗಸೇ ಅಲ್ವಾ?

ಸಿಗರೇಟಿನ ಬೂದಿ ನೋಡಿ ಊರು ಕೇರಿ ಹೇಳುವ ಗಂಡಸನ್ನು ನೀವು ಚಿಕ್ಕಂದಿನಿಂದ ನಂಬಿದ್ದೀರಿ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೂ ಯಾರೂ ಪುರಾವೆ ಕೇಳಲಿಲ್ಲ. ಹೆಂಗಸು ಭೂತಗನ್ನಡಿ ಹಿಡಿದ ಕೂಡಲೇ ಎಲ್ಲರಿಗೂ ಇತಿಹಾಸ ನೆನಪಾಗುತ್ತದೆ. ಹೆಂಗಸರು ಬರೆದದ್ದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದ ವಿಮರ್ಶಕರ ನಾಡಲ್ಲವೇ ನಮ್ಮದು. ಆ ಕಾದಂಬರಿಗಳೇ ಎಷ್ಟೋ ಲೈಬ್ರರಿಗಳನ್ನು ಸಾಕಿದವು, ಅದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ಹೊಟ್ಟೆಯುರಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೈಸೂರಿಗೂ ಒಂದು ರೀಜೆನ್ಸಿ ಇತ್ತು. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದರು. ಆಡಳಿತ ಪೂರ್ಣಯ್ಯನವರ ಕೈಲಿ. ಅರಮನೆಯಲ್ಲಿ ರಾಣಿ ಲಕ್ಷ್ಮಮ್ಮಣ್ಣಿ. ಟಿಪ್ಪುವಿನ ಕಣ್ಣು ತಪ್ಪಿಸಿ, ತನ್ನ ದೂತ ತಿರುಮಲರಾಯನ ಮೂಲಕ ಇಂಗ್ಲಿಷರ ಜೊತೆ ಗುಟ್ಟಾಗಿ ವ್ಯವಹಾರ ನಡೆಸಿದ್ದ ಹೆಂಗಸು ಆಕೆ. ಊರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟ್, ಪಕ್ಕದಲ್ಲೇ ಲೂಟಿಯಾದ ಶ್ರೀರಂಗಪಟ್ಟಣ. ಒಂದು ಹೆಣ ಬಿದ್ದರೆ ಸಾಕು, ಕಾದಂಬರಿ ಸಿದ್ಧ. ಇದನ್ನು ಪ್ರಕಾಶಕರೊಬ್ಬರ ಮುಂದೆ ಹೇಳಿದೆ. ‘ಪತ್ತೇದಾರ ಯಾರು ಸಾರ್?’ ಅಂದರು. ಅರಮನೆಯ ಸೂಲಗಿತ್ತಿ ಅಂದೆ. ಸುಮ್ನೆ ನಕ್ಕು ಕಾಫಿ ತರಿಸಿದರು.