ಲ್ಯಾನ್‌ಕಾರ್ವನ್ ಗೋಡೆಗೆ ಬಣ್ಣ ತುಂಬಬಾರದೇ?

ಪ್ರಶ್ನೆ: ಮಗಳು ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದಾಳೆ. ನಾವು ಹೋದಾಗ ಹತ್ತಿರದ ಲ್ಯಾನ್‌ಕಾರ್ವನ್ ಅನ್ನುವ ಪುಟ್ಟ ಹಳ್ಳಿಯ ಹಳೇ ಚರ್ಚ್ ತೋರಿಸಿದಳು. ಗೋಡೆಯ ಮೇಲೆ ಚೆಂದದ ಚಿತ್ರಗಳಿವೆ, ಆದರೆ ಎಲ್ಲ ಅರ್ಧಂಬರ್ಧ. ನಡುನಡುವೆ ಬರೀ ಗಾರೆ. ಸುಣ್ಣದ ಪದರದಡಿಯಿಂದ ಅಷ್ಟು ಕಷ್ಟಪಟ್ಟು ಹೊರತೆಗೆದವರು ಖಾಲಿ ಜಾಗಕ್ಕೆ ಬಣ್ಣ ತುಂಬಿ ಪೂರ್ತಿ ಮಾಡಬಹುದಿತ್ತಲ್ವಾ? ಅವನ್ನು ಮುಚ್ಚಿದ್ದಾದರೂ ಯಾಕೆ?

ಉತ್ತರ: ನನ್ನನ್ನು ಕೇಳಿದರೆ, ಬಣ್ಣ ತುಂಬಬಾರದು. ಕಾರಣ ಹೇಳುವ ಮೊದಲು ಮುಚ್ಚಿದವರ ವಿಷಯಕ್ಕೆ ಬರುತ್ತೇನೆ.

ಸೇಂಟ್ ಕ್ಯಾಡಾಕ್ ಚರ್ಚ್‌ನ ಆ ಚಿತ್ರಗಳು 15ನೇ ಶತಮಾನದ ಕೊನೆಯ ಹೊತ್ತಿನವು. ಆಗ ಪ್ರಾರ್ಥನೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಕೇಳುವ ರೈತರು ಆಡುತ್ತಿದ್ದದ್ದು ವೆಲ್ಷ್. ಓದು ಬರಹ ಬಲ್ಲವರು ಕಮ್ಮಿ. ಗೋಡೆಯಲ್ಲಿ ಕಂಡದ್ದು ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. 1547ರಲ್ಲಿ, ವೇಲ್ಸನ್ನೂ ಆಳುತ್ತಿದ್ದ ಇಂಗ್ಲೆಂಡಿಗೆ ಆರನೇ ಎಡ್ವರ್ಡ್ ರಾಜನಾದ. ಒಂಬತ್ತು ವರ್ಷದ ಹುಡುಗ. ಆಡಳಿತ ನಡೆಸಿದವರು ಮೂರ್ತಿಪೂಜೆ ಒಪ್ಪದ ಪ್ರಾಟೆಸ್ಟೆಂಟ್ ಮತದ ದೊಡ್ಡ ಮನುಷ್ಯರು. ಸಂತರ ಮೂರ್ತಿ, ಚಿತ್ರ ಯಾವುದೂ ಚರ್ಚ್‌ನಲ್ಲಿ ಇರಕೂಡದು ಎಂದು ಅಪ್ಪಣೆಯಾಯಿತು. ಮೂರ್ತಿಯಾದರೆ ಒಡೆಯಬೇಕು. ಚಿತ್ರಕ್ಕೆ ಸುಣ್ಣ ಬಳಿದರೆ ಸಾಕು. ಹಾಗೆ ಬಳಿದ ಸುಣ್ಣದ ಮೇಲೆ ಮುಂದಿನವರೂ ಬಳಿಯುತ್ತಲೇ ಹೋದರು. ಕೆಳಗೆ ಏನಿದೆ ಎಂಬುದು ಊರಿಗೇ ಮರೆತುಹೋಯಿತು.

ಇನ್ನೊಂದು ಗಂಡಾಂತರವೂ ಇತ್ತು. 19ನೇ ಶತಮಾನದಲ್ಲಿ ಬ್ರಿಟನ್ನಿನ ಎಷ್ಟೋ ಹಳೇ ಚರ್ಚ್‌ಗಳಲ್ಲಿ ಜೀರ್ಣೋದ್ಧಾರ ಮಾಡುತ್ತೇವೆಂದು ಗಾರೆಯನ್ನೆಲ್ಲ ಕಿತ್ತು, ಕಲ್ಲು ಕಾಣುವಂತೆ ಮಾಡಿದರು. ಗಾರೆಯ ಜೊತೆಗೆ ಚಿತ್ರಗಳೂ ಹೋದವು. ಇದನ್ನು ನೆನೆದರೆ ನನಗೆ ಸುಣ್ಣ ಬಳಿದವರಿಗಿಂತ ಗಾರೆ ಕಿತ್ತವರ ಮೇಲೆಯೇ ಜಾಸ್ತಿ ಸಿಟ್ಟು ಬರುತ್ತದೆ. ಲ್ಯಾನ್‌ಕಾರ್ವನ್‌ನ ಆ ಗೋಡೆ ಅವರ ಕೈಯಿಂದ ಉಳಿದುಕೊಂಡಿತು.

2008ರಲ್ಲಿ ಮಾಡಿನ ಮರಗಳ ಸ್ಥಿತಿ ನೋಡುತ್ತಿದ್ದವರಿಗೆ ಗೋಡೆಯಲ್ಲೊಂದು ತೆಳ್ಳಗಿನ ಕೆಂಪು ಗೆರೆ ಕಂಡಿತು. ಅಲ್ಲಿಂದ ಶುರುವಾದ ಕೆಲಸ ವರ್ಷಗಟ್ಟಲೆ ನಡೆಯಿತು. ಆಪರೇಷನ್‌ಗೆ ಬಳಸುವಂಥ ಸಣ್ಣ ಚಾಕು ಹಿಡಿದು ಕಿರುಬೆರಳ ಉಗುರಿನಷ್ಟು ಜಾಗದ ಸುಣ್ಣವನ್ನು ಮೆಲ್ಲಗೆ ಎಬ್ಬಿಸಬೇಕು. ಹಳೇ ಸುಣ್ಣ ಗಾಳಿಗೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಕೆಳಗಿನ ಬಣ್ಣವೋ, ಕೆಮ್ಮಣ್ಣು, ಹಳದಿ ಮಣ್ಣು, ಇದ್ದಿಲಿನ ಕಪ್ಪು, ಇಂಥವು. ಸುಣ್ಣದ ಚಕ್ಕೆ ಏಳುವಾಗ ಬಣ್ಣ ಅದಕ್ಕೇ ಅಂಟಿಕೊಂಡು ಬಂದರೆ ಮುಗಿಯಿತು, ಮತ್ತೆ ಕೂಡಿಸಲಾಗದು. ನೀವು ನೋಡಿದ ಬರೀ ಗಾರೆಯ ಎಷ್ಟೋ ಕಡೆ ಬಣ್ಣ ಮೊದಲೇ ಉದುರಿಹೋಗಿತ್ತು.

ಅದರಲ್ಲೂ ಸೇಂಟ್ ಜಾರ್ಜ್ ಡ್ರ್ಯಾಗನ್ನನ್ನು ಇರಿಯುವ ಚಿತ್ರ ಎಷ್ಟು ಉಳಿದಿದೆ ನೋಡಿ! ಪಕ್ಕದಲ್ಲಿ ರಾಜಕುಮಾರಿ, ಅವಳ ಜೊತೆ ಒಂದು ಕುರಿಮರಿ. ಇಬ್ಬರೂ ಡ್ರ್ಯಾಗನ್‌ಗೆ ಆಹಾರವಾಗಲು ಬಂದವರು. ಮೇಲೆ ಕೋಟೆಯಿಂದ ಅವಳ ಅಪ್ಪ ಅಮ್ಮ, ರಾಜ ರಾಣಿ, ಇಣುಕುತ್ತಿದ್ದಾರೆ. ಮಗಳನ್ನು ಕಳಿಸಿಕೊಟ್ಟು ಮೇಲಿಂದ ನೋಡುತ್ತ ನಿಲ್ಲುವ ಆ ಇಬ್ಬರ ಮುಂದೆಯೇ ನಾನು ಪ್ರತಿ ಸಲ ತುಂಬ ಹೊತ್ತು ನಿಲ್ಲುತ್ತೇನೆ. ಅದೇ ಚರ್ಚ್‌ನಲ್ಲಿ ಅಹಂಕಾರ, ಲೋಭ, ಸೋಮಾರಿತನದಂಥ ಏಳು ಮಹಾಪಾಪಗಳ ಚಿತ್ರಗಳೂ ಇವೆ, ದೆವ್ವಗಳ ಸಮೇತ. ಇನ್ನೊಂದು ಕಡೆ ಚೆನ್ನಾಗಿ ಉಡುಪು ತೊಟ್ಟ ಷೋಕಿಲಾಲ ಹುಡುಗನ ಕೈಯನ್ನು ಸಾವು ಹಿಡಿದುಕೊಂಡಿದೆ.

ಈಗ ನಿಮ್ಮ ಪ್ರಶ್ನೆ. ಖಾಲಿ ಜಾಗ ತುಂಬಲು ಇಂದಿನ ಕಲಾವಿದ ಊಹಿಸಲೇಬೇಕು. ಊಹೆ ಎಷ್ಟೇ ಚೆನ್ನಾಗಿರಲಿ, ಒಮ್ಮೆ ಬಳಿದ ಮೇಲೆ ಯಾವ ಗೆರೆ ಆ ಕಾಲದ್ದು, ಯಾವುದು ನಿನ್ನೆಯದು ಎಂದು ನಿಮಗಾಗಲಿ ನನಗಾಗಲಿ ತಿಳಿಯುವುದಿಲ್ಲ. ನಾಳೆ ಇನ್ನೂ ಹೆಚ್ಚು ಬಲ್ಲವರು ಬಂದರೆ ಅವರಿಗೂ ಅದು ತೊಡಕು. ಹಾಗಾಗಿ ಗಾರೆ ಹೋದಲ್ಲಿ ಸುಣ್ಣದ ಗಾರೆ ತುಂಬಿ, ಕಣ್ಣಿಗೆ ಕುಕ್ಕದಂತೆ ಮಾಡಿ, ಅಷ್ಟಕ್ಕೇ ಬಿಡುವುದು ಸರಿ.

ಪೂರ್ತಿ ಬಣ್ಣದಲ್ಲಿ ನೋಡುವ ನಿಮ್ಮ ಆಸೆ ತಪ್ಪಲ್ಲ. ಅದಕ್ಕೂ ಜಾಗವಿದೆ, ಕಾರ್ಡಿಫ್ ಪಕ್ಕದಲ್ಲೇ. ಸೇಂಟ್ ಫಾಗನ್ಸ್ ಬಯಲು ವಸ್ತುಸಂಗ್ರಹಾಲಯದಲ್ಲಿ ಸೇಂಟ್ ಟೈಲೋ ಚರ್ಚ್ ಇದೆ. ಮೊದಲು ಅದು ಪೊಂಟಾರ್ಡುಲೈಸ್ ಎಂಬ ಊರಿನ ಹತ್ತಿರ ನದಿ ದಂಡೆಯಲ್ಲಿತ್ತು. ಪಾಳು ಬಿದ್ದಿದ್ದ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿದರು. ಆಗ ಸುಣ್ಣದಡಿ ಸಿಕ್ಕ ಚಿತ್ರದ ತುಣುಕುಗಳನ್ನು ಬೇರೆ ತೆಗೆದಿಟ್ಟು, ಹೊಸ ಗಾರೆಯ ಮೇಲೆ 1530ರ ಹೊತ್ತಿಗೆ ಹೇಗಿದ್ದಿರಬಹುದೋ ಹಾಗೆ ಒಳಗೆಲ್ಲ ಚಿತ್ರ ಬರೆಸಿದ್ದಾರೆ. 2007ರಲ್ಲಿ ಬಾಗಿಲು ತೆರೆಯಿತು. ಒಳಗೆ ಕಾಲಿಟ್ಟರೆ ಆ ಬಣ್ಣದ ಅಬ್ಬರಕ್ಕೆ ಬೆರಗಾಗುತ್ತೀರಿ. ಅಲ್ಲಿ ಅದು ಸರಿ, ಯಾಕೆಂದರೆ ಹಳೆಯ ಗೆರೆಯ ಮೇಲೆ ಯಾರೂ ಕುಂಚ ಆಡಿಸಿಲ್ಲ. ಮುಂದಿನ ಸಲ ಮೊದಲು ಅದನ್ನು ನೋಡಿ, ಆಮೇಲೆ ಲ್ಯಾನ್‌ಕಾರ್ವನ್‌ಗೆ ಹೋಗಿ. ಖಾಲಿ ಜಾಗಗಳನ್ನು ಕಣ್ಣೇ ತುಂಬಿಕೊಳ್ಳುತ್ತದೆ.

ಪ್ರಶ್ನೆ: ಚರ್ಚ್ ಬಿಟ್ಟರೆ ಆ ಊರಲ್ಲಿ ನೋಡಲು ಏನಿದೆ?

ಉತ್ತರ: ನೋಡಲು ಒಂದು ತೊರೆ, ಪಬ್, ಕೆಲವು ಮನೆ, ಸುತ್ತ ಹೊಲ. ತಿಳಿಯಲು ಬೇಕಾದಷ್ಟಿದೆ. ಸಂತ ಕ್ಯಾಡಾಕ್ 6ನೇ ಶತಮಾನದಲ್ಲಿ ಇಲ್ಲಿ ಮಠ ಕಟ್ಟಿದ ಎಂಬ ನಂಬಿಕೆಯಿದೆ. 12ನೇ ಶತಮಾನದಲ್ಲಿ ಇದೇ ಊರಿನ ಹೆಸರು ಹೊತ್ತ ಕ್ಯಾರಡಾಕ್, ಸಂತ ಗಿಲ್ಡಾಸ್‌ನ ಚರಿತ್ರೆ ಬರೆದ. ಆರ್ಥರ್ ರಾಜನ ಹೆಂಡತಿಯ ಅಪಹರಣದ ಕಥೆ ಅದರಲ್ಲಿದೆ. ಇಯೊಲೊ ಮೊರ್ಗಾನುಗ್ ಎಂದು ಹೆಸರಾದ ಕಲ್ಲುಕುಟಿಗ ಕವಿ ಎಡ್ವರ್ಡ್ ವಿಲಿಯಮ್ಸ್ 1747ರಲ್ಲಿ ಹುಟ್ಟಿದ್ದು ಈ ಪ್ಯಾರಿಷ್‌ನಲ್ಲೇ, ಅಂದರೆ ಈ ಚರ್ಚ್‌ನ ವ್ಯಾಪ್ತಿಯಲ್ಲೇ. ವೇಲ್ಸ್‌ನ ರಾಷ್ಟ್ರೀಯ ಐಸ್ಟೆಡ್‌ವಡ್ ಎಂಬ ಸಾಹಿತ್ಯ ಸಂಗೀತ ಉತ್ಸವದಲ್ಲಿ ನಿಲುವಂಗಿ ತೊಟ್ಟ ಕವಿಗಳ ಮೆರವಣಿಗೆ ನಡೆಯುತ್ತದಲ್ಲ, ಆ ಕವಿಗಳ ಕೂಟ ಗೊರ್ಸೆಡ್ ಶುರುಮಾಡಿದವನು ಅವನೇ. ಊರಿಗೆ ರೈಲಿಲ್ಲ, ಕಾರಿನಲ್ಲಿ ಹೋಗುವುದೇ ಸುಲಭ. ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ, ಹುಂಡಿಗೆ ಒಂದೆರಡು ಪೌಂಡ್ ಹಾಕಿ. ಗೋಡೆ ಮುಟ್ಟಬೇಡಿ.